ಮೈಸೂರೋ, ಮಂಗಳೂರೋ?

ಬೆಂಗಳೂರು ಬಿಟ್ಟು ಮನೆ ಕೊಳ್ಳುವವರೇ, ವಾರಕ್ಕೊಮ್ಮೆ ರಾಜಧಾನಿಯ ಕಚೇರಿಗೆ ಮುಖ ತೋರಿಸಬೇಕಿದ್ದರೆ ಮೈಸೂರೇ ಸರಿ: 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯಿದೆ, ರೈಲುಗಳೂ ಧಾರಾಳ. ಮಂಗಳೂರಾದರೆ ಸುಮಾರು 350 ಕಿ.ಮೀ. ದೂರ, ನಡುವೆ ಶಿರಾಡಿ ಘಾಟಿ. ಮಳೆಗಾಲದಲ್ಲಿ ಗುಡ್ಡ ಜರಿದರೆ ಸಂಚಾರ ಬಂದ್. ಆದರೆ ಮಕ್ಕಳು ದುಬೈಯಲ್ಲಿದ್ದರೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ನೇರ ವಿಮಾನವಿದೆ. ಮೈಸೂರಿನ ಮಂಡಕಳ್ಳಿಗೆ ಆ ಭಾಗ್ಯವಿಲ್ಲ.

ಮೈಸೂರಿನಲ್ಲಿ ನಿವೇಶನ ಕೊಂಡು ಕಟ್ಟಿಸುವ ರೂಢಿ ಹೆಚ್ಚು. ಬಡಾವಣೆಯ ಅನುಮೋದನೆ, ಇ-ಖಾತೆ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಎರಡನ್ನೂ ನೋಡದೆ ಮುಂಗಡ ಕೊಡಬೇಡಿ. ಮಂಗಳೂರಿನ ಏರುತಗ್ಗಿನಲ್ಲಿ ಫ್ಲ್ಯಾಟೇ ಸುಲಭ. ಅದನ್ನು ಜುಲೈಯಲ್ಲೇ ಹೋಗಿ ನೋಡಿ: ಗೋಡೆಯ ತೇವ, ನೆಲಮಾಳಿಗೆಯ ನೀರು ಬೇಸಿಗೆಯಲ್ಲಿ ಕಾಣುವುದಿಲ್ಲ. ಏಪ್ರಿಲ್ ತಿಂಗಳ ಕರಾವಳಿಯ ಸೆಖೆಯನ್ನು ನಾನಂತೂ ಸಹಿಸಲಾರೆ, ನನ್ನ ಮತ ಮೈಸೂರಿಗೆ. ತಾಜಾ ಮೀನು ಬೇಕೆನ್ನುವ ಹೆಂಡತಿ ಇನ್ನೂ ಒಪ್ಪಿಲ್ಲ.