ಕ್ಯಾಮೆರಾಕ್ಕೆ ಸ್ಥಿರ ವೋಲ್ಟೇಜ್: ಎಲ್‌ಎಂ 2596 ಮಾಡ್ಯೂಲ್ ಬಳಸಿದ ಅನುಭವ

ಕಾರವಾರದ ಟಾಗೋರ್ ಕಡಲತೀರದಲ್ಲಿ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಟೈಮ್‌ಲ್ಯಾಪ್ಸ್ ತೆಗೆಯಲು ನನ್ನ ಹಳೆಯ ಡಿಎಸ್‌ಎಲ್‌ಆರ್‌ನ ಬ್ಯಾಟರಿ ಸಾಲುತ್ತಿರಲಿಲ್ಲ. ಆದ್ದರಿಂದ 18650 ಅಳತೆಯ ಮೂರು ಲಿಥಿಯಂ-ಅಯಾನ್ ಸೆಲ್‌ಗಳನ್ನು ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಸಹಿತ ಸರಣಿಯಲ್ಲಿ ಜೋಡಿಸಿ, ಎಲ್‌ಎಂ 2596 ಚಿಪ್ಪಿನ ಬಕ್ ಕನ್ವರ್ಟರ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡ್) ಮತ್ತು ಡಮ್ಮಿ ಬ್ಯಾಟರಿಯ (ಬ್ಯಾಟರಿಯ ಜಾಗದಲ್ಲಿ ಕೂರುವ, ವಯರ್ ಜೋಡಿಸಿದ ಅಚ್ಚು) ಮೂಲಕ ಕ್ಯಾಮೆರಾಕ್ಕೆ ವಿದ್ಯುತ್ ಕೊಡುವ ಪ್ಯಾಕ್ ಒಂದನ್ನು ಶಿರಸಿಯ ಮನೆಯಲ್ಲಿಯೇ ಕಟ್ಟಿದೆ.

ಮೂರು ಸೆಲ್‌ಗಳು ತುಂಬಿದಾಗ 12.6 ವೋಲ್ಟ್ ಕೊಟ್ಟು, ಬರಿದಾಗುವ ಹೊತ್ತಿಗೆ 9ಕ್ಕೆ ಇಳಿಯುತ್ತವೆ. ಕ್ಯಾಮೆರಾದ ಬ್ಯಾಟರಿಯ ಮೇಲೆ 7.2 ಎಂದಿದ್ದರೂ ಅದರೊಳಗಿನ ಎರಡು ಸೆಲ್‌ಗಳು ತುಂಬಿದಾಗ 8.4 ವೋಲ್ಟ್ ಇರುವುದರಿಂದ, ಮಾಡ್ಯೂಲನ್ನು 8 ವೋಲ್ಟಿಗೆ ಹೊಂದಿಸುವುದು ಸುರಕ್ಷಿತವೆಂದು ಲೆಕ್ಕ ಹಾಕಿದ್ದೆ. ಲೆಕ್ಕ ಸುರಕ್ಷಿತವೇ ಆಗಿತ್ತು, ಆದರೆ ಸೂರ್ಯ ನೀರು ಮುಟ್ಟುವ ಹೊತ್ತಿಗೇ ಕ್ಯಾಮೆರಾ ಆರಿಹೋಯಿತು. ಸೆಲ್‌ಗಳಲ್ಲಿ ಇನ್ನೂ 9.6 ವೋಲ್ಟ್ ಉಳಿದಿತ್ತು.

ತಪ್ಪು ಮಾಡ್ಯೂಲಿನದಲ್ಲ, ನನ್ನದು. ಈ ಚಿಪ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಒಳಬರುವ ವೋಲ್ಟೇಜ್ ಹೊರಗಿನದಕ್ಕಿಂತ ಸುಮಾರು ಒಂದು ವೋಲ್ಟಿನಷ್ಟಾದರೂ ಹೆಚ್ಚಿರಬೇಕು. ಕ್ಯಾಮೆರಾದೊಳಗಿನ ಕನ್ನಡಿ ಏಳುವಾಗ, ಫೋಕಸ್ ಮೋಟರ್ ತಿರುಗುವಾಗ ಕರೆಂಟ್ ಒಮ್ಮೆಲೇ ಏರಿ, ದಣಿದ ಸೆಲ್‌ಗಳೂ ನಾನು ಬಳಸಿದ್ದ ಸಪೂರ ವಯರೂ ಆ ಅಂತರವನ್ನು ನುಂಗಿಬಿಡುತ್ತಿದ್ದವು. ವಯರನ್ನು ದಪ್ಪದ್ದಕ್ಕೆ ಬದಲಿಸಿ, ಹೊರಭಾಗಕ್ಕೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ವೋಲ್ಟೇಜನ್ನು 7.6ಕ್ಕೆ ಇಳಿಸಿದ ಮೇಲೆ ಅದೇ ಪ್ಯಾಕ್ ಕತ್ತಲಾಗುವವರೆಗೂ ನಡೆಯಿತು. ಮಲ್ಟಿಮೀಟರಿನ ಅಂಕಿ ಅಲುಗಾಡಲಿಲ್ಲ.

ದೂರುವುದಿದ್ದರೆ ಮಾಡ್ಯೂಲಿನ ಮೇಲಿನ ಡಿಸ್‌ಪ್ಲೇಯನ್ನು ದೂರಬೇಕು. ಅದು 7.6 ಎಂದು ತೋರಿಸುವಾಗ ಮಲ್ಟಿಮೀಟರ್ 7.9 ಎನ್ನುತ್ತಿತ್ತು. ಡಿಸ್‌ಪ್ಲೇ ಇಲ್ಲದ್ದನ್ನೇ ಕೊಂಡು, ಕ್ಯಾಮೆರಾ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಹೊಂದಿಸುವ ಸ್ಕ್ರೂ ತಿರುಗಿಸುವುದು ಒಳ್ಳೆಯದು. ತಿರುಪು ಹಲವು ಸುತ್ತು ಹೋಗುವುದರಿಂದ ಸ್ವಲ್ಪ ತಾಳ್ಮೆ ಬೇಕು. ಕೆಲಸವಿಲ್ಲದಾಗಲೂ ಚಿಪ್ ಕೆಲವು ಮಿಲಿಆಂಪಿಯರ್ ಎಳೆಯುತ್ತಿರುತ್ತದೆ, ಆದ್ದರಿಂದ ಸೆಲ್ ಮತ್ತು ಮಾಡ್ಯೂಲಿನ ನಡುವೆ ಸ್ವಿಚ್ ಇರಲೇಬೇಕು. ಕರಾವಳಿಯ ಉಪ್ಪುಗಾಳಿಗೆ ಬೆಸುಗೆಗಳು ಹಸಿರುಗಟ್ಟದಿರಲೆಂದು ಇಡೀ ಪ್ಯಾಕನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದೇನೆ.

ಯುಎಸ್‌ಬಿಯಿಂದಲೇ ನಡೆಯುವ ಹೊಸ ಕ್ಯಾಮೆರಾ ಇರುವವರಿಗೆ ಈ ಉಸಾಬರಿ ಬೇಡ. ಹಳೆಯ ಡಿಎಸ್‌ಎಲ್‌ಆರ್ ಇಟ್ಟುಕೊಂಡವರು ಈ ಮಾಡ್ಯೂಲನ್ನು ಧೈರ್ಯವಾಗಿ ಕೊಳ್ಳಬಹುದು. ನಾನು ಇನ್ನೊಂದನ್ನು ತರಿಸಿದ್ದೇನೆ, ಈ ಸಲ ಡಿಸ್‌ಪ್ಲೇ ಇಲ್ಲದ್ದು.