ಹೊಸ ಲೇಖಕರನ್ನು ಹುಡುಕಲು ನನಗೆ ಒಗ್ಗಿದ್ದು ದೀಪಾವಳಿ ವಿಶೇಷಾಂಕ

ಹೆಸರೇ ಕೇಳಿರದ ಲೇಖಕರನ್ನು ಓದಬೇಕು ಅಂತ ಒಂದು ವರ್ಷದಿಂದ ಮೂರು ದಾರಿ ಹಿಡಿದು ನೋಡಿದೆ. ಆನ್‌ಲೈನ್ ಅಂಗಡಿ, ಗ್ರಂಥಾಲಯ, ಮತ್ತೆ ದೀಪಾವಳಿ ವಿಶೇಷಾಂಕ. ಕೈ ಹಿಡಿದದ್ದು ವಿಶೇಷಾಂಕವೇ.

ಆಷಾಢದಲ್ಲಿ ಆನ್‌ಲೈನ್‌ನಿಂದ ಒಂದೇ ಸಲ ಐದು ಪುಸ್ತಕ ತರಿಸಿದೆ. 1,140 ರೂಪಾಯಿ ಆಯಿತು. ಪೂರ್ತಿ ಓದಲು ಆದದ್ದು ಒಂದೇ. ಎಲ್ಲಕ್ಕೂ ನಾಲ್ಕೂವರೆ, ಐದು ಸ್ಟಾರ್ ಇತ್ತಲ್ಲ ಅಂತ ಅಭಿಪ್ರಾಯಗಳನ್ನು ಮತ್ತೆ ತೆಗೆದು ನೋಡಿದೆ. ಒಬ್ಬರು ಪ್ಯಾಕಿಂಗ್ ಚೆನ್ನಾಗಿತ್ತು ಅಂದಿದ್ದರು. ಇನ್ನೊಬ್ಬರು ಎರಡೇ ದಿನಕ್ಕೆ ಬಂತು ಅಂದಿದ್ದರು. ಕಥೆಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಮಾದರಿ ಪುಟ ಓದಿ ಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಓದಿದ್ದೆ. ನಮ್ಮ ಪುಸ್ತಕಗಳಲ್ಲಿ ಮೊದಲು ಅರ್ಪಣೆ, ಆಮೇಲೆ ಹಿರಿಯರೊಬ್ಬರ ಮುನ್ನುಡಿ, ಆಮೇಲೆ ಲೇಖಕರ ಮಾತು, ಕೃತಜ್ಞತೆಗಳು. ಇಷ್ಟು ಮುಗಿಯುವಷ್ಟರಲ್ಲಿ ಮಾದರಿ ಪುಟಗಳೂ ಮುಗಿದಿರುತ್ತವೆ. ಐದರಲ್ಲಿ ನಾಲ್ಕು ಪುಸ್ತಕಗಳದ್ದು ಇದೇ ಹಾಡು. ಹೊಸಬರು ಹೇಗೆ ಬರೆಯುತ್ತಾರೆ ಅಂತ ತಿಳಿಯಬೇಕಾದರೆ ಅವರ ಎರಡು ಪುಟವಾದರೂ ಕಣ್ಣಿಗೆ ಬೀಳಬೇಕು, ಅಲ್ವಾ? ನನಗೆ ಸಿಕ್ಕಿದ್ದು ಮುನ್ನುಡಿ ಬರೆದವರ ಶೈಲಿ ಮಾತ್ರ.

ವಿಶೇಷಾಂಕದಲ್ಲಿ ಈ ತೊಂದರೆಯೇ ಇಲ್ಲ. ಇಡೀ ಕಥೆಯೇ ಕೈಯಲ್ಲಿರುತ್ತದೆ. ನಾನು ಕೆಲಸಕ್ಕೆ ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಓಡಾಡುವವಳು. ಹೋಗುವಾಗ ಒಂದು ಕಥೆ, ಬರುವಾಗ ಒಂದು. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಗೆದ್ದವರ ಪಟ್ಟಿಯಲ್ಲಿ ನನಗೆ ಗೊತ್ತಿಲ್ಲದ ಹೆಸರುಗಳೇ ಜಾಸ್ತಿ. ಕಥೆ ಮನಸ್ಸಿಗೆ ಹಿಡಿಸಿದರೆ ಆ ಹೆಸರನ್ನು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಪುಸ್ತಕ ಬಂದಿದೆಯಾ ಅಂತ ಆಮೇಲೆ ಹುಡುಕಿ, ಪ್ರಕಾಶಕರಿಗೇ ಫೋನ್ ಮಾಡಿ ತರಿಸುತ್ತೇನೆ. ‘ಛಂದ ಪುಸ್ತಕ’ ಪ್ರಕಾಶನದವರು ಇನ್ನೂ ಕಥಾಸಂಕಲನ ತರದ ಕಥೆಗಾರರಿಗೇ ಅಂತ ಹಸ್ತಪ್ರತಿ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಅಲ್ಲಿ ಗೆದ್ದವರ ಮೇಲೂ ಒಂದು ಕಣ್ಣಿಟ್ಟಿರುತ್ತೇನೆ.

ಕಥೆ ಬಿಟ್ಟು ಬೇರೆ ಬರಹ ಬೇಕಾದರೆ, ಅಂದರೆ ಊರಿನ ಇತಿಹಾಸ, ಬೇಸಾಯ, ಆತ್ಮಕಥೆ ಇಂಥವಕ್ಕೆ, ಗ್ರಂಥಾಲಯವೇ ಮೇಲು. ಸಣ್ಣ ಪ್ರಕಾಶಕರ ಪುಸ್ತಕಗಳನ್ನು ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುವುದರಿಂದ, ಅಂಗಡಿಯಲ್ಲಿ ಕಾಣದ ಪುಸ್ತಕ ಅಲ್ಲಿ ಸಿಗುತ್ತದೆ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಹೇಗೂ ಕಟ್ಟುತ್ತೇವಲ್ಲ. ಆದರೆ ಭಾನುವಾರ ಬಿಟ್ಟರೆ ನನಗೆ ಪುರುಸೊತ್ತಿಲ್ಲ.

ತಿಂಗಳಿಗೆ ಪುಸ್ತಕಕ್ಕೆ ಅಂತ 400 ರೂಪಾಯಿ ಎತ್ತಿಡುತ್ತೇನೆ. ಅದಕ್ಕೆ ಎರಡು ಸಂಕಲನ ಬಂದರೆ ಹೆಚ್ಚು. ಓದಿ ಮೆಚ್ಚಿದವರ ಪುಸ್ತಕಕ್ಕೇ ಆ ದುಡ್ಡು ಹೋಗಲಿ ಅಂತ ನನ್ನ ಆಸೆ. ಡೈರಿಯಲ್ಲಿ ಈಗ ಒಂಬತ್ತು ಹೆಸರುಗಳಿವೆ. ನಾಲ್ವರ ಪುಸ್ತಕ ಮನೆಗೆ ಬಂದಿದೆ. ಇನ್ನೈದು ಜನರ ಮೊದಲ ಪುಸ್ತಕಕ್ಕೆ ಕಾಯುತ್ತಿದ್ದೇನೆ.