ಸೀಟಿನ ವಾಕರ್ ಬೇಡ, ಮೂರು ಗಾಲಿಯ ಮರದ ಬಂಡಿ ತನ್ನಿ

ದಾವಣಗೆರೆಯ ಆಟಿಕೆ ಅಂಗಡಿಗಳಲ್ಲಿ ‘ಮಗು ನಡೆಯೋಕೆ ಏನಾದ್ರೂ ಕೊಡ್ರಿ’ ಅಂದರೆ ಮೊದಲು ಇಳಿಸಿಕೊಡುವುದು ಹಾಡು, ಲೈಟು ಇರುವ ಪ್ಲಾಸ್ಟಿಕ್ ವಾಕರ್. ಅದನ್ನು ವಾಪಸ್ ಇಡಿಸಿ, ಮರದ ತಳ್ಳುಬಂಡಿ ಕೇಳಿ.

ಸೀಟಿನ ವಾಕರ್‌ನಲ್ಲಿ ಮಗುವಿನ ಭಾರ ಹೊರುವುದು ಸೀಟು, ಕಾಲಲ್ಲ. ಮಗು ತುದಿಗಾಲಲ್ಲಿ ನೆಲ ಒದೆಯುತ್ತಾ ಸಾಗುತ್ತದೆ; ಟ್ರೇ ಅಡ್ಡ ಬಂದು ತನ್ನ ಪಾದ ತನಗೇ ಕಾಣುವುದಿಲ್ಲ. ಬಗ್ಗುವುದಿಲ್ಲ, ಕುಕ್ಕರಿಸಿ ಏಳುವುದಿಲ್ಲ. ಮೈ ಹತೋಟಿಗೆ ಬರುವುದೇ ಹಾಗೆ ಬಗ್ಗಿ, ಕುಕ್ಕರಿಸಿ ಏಳುವುದರಿಂದ. ಜೊತೆಗೆ ವಾಕರ್ ಒಂದೇ ಸೆಕೆಂಡಿನಲ್ಲಿ 3 ಅಡಿಗೂ ಹೆಚ್ಚು ಓಡಬಲ್ಲದು. ಹೊಸ್ತಿಲಿಗೆ ಗಾಲಿ ತಾಗಿ ಮಗುಚಿದರೆ ಪಕ್ಕದಲ್ಲಿದ್ದವರಿಗೂ ಹಿಡಿಯಲು ಆಗುವುದಿಲ್ಲ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ.

ತಳ್ಳುಬಂಡಿಯಲ್ಲಿ ಮಗು ತಾನೇ ಎದ್ದು ನಿಲ್ಲಬೇಕು, ತಾನೇ ತಳ್ಳಬೇಕು. ಹಾಗಾಗಿ ಮಂಚವನ್ನೋ ಗೋಡೆಯನ್ನೋ ಹಿಡಿದು ಪಕ್ಕಕ್ಕೆ ನಾಲ್ಕು ಹೆಜ್ಜೆ ಇಡುವವರೆಗೆ ಕೊಡಲೇಬೇಡಿ. ಹಿಡಿಕೆ ಮಗುವಿನ ಹೊಕ್ಕುಳಿಗೂ ಎದೆಗೂ ನಡುವೆ ಬರಬೇಕು. ಹೆಚ್ಚು ಎತ್ತರವಾದರೆ ಮಗು ಜೋತು ಬೀಳುತ್ತದೆ, ಬಂಡಿ ಹಿಂದಕ್ಕೆ ಮಗುಚುತ್ತದೆ.

ಇದಕ್ಕೂ ಕೊರತೆಗಳಿವೆ. ಹಗುರವಾದ ಬಂಡಿ ಗ್ರಾನೈಟ್ ನೆಲದ ಮೇಲೆ ಜಾರಿ ಮುಂದೋಡುತ್ತದೆ, ಮಗು ಮುಖ ಅಡಿಯಾಗಿ ಬೀಳುತ್ತದೆ. ತಳದ ಹಲಗೆಗೆ 2 ಕಿಲೋ ಅಕ್ಕಿಯ ಚೀಲ ಬಿಗಿಯಾಗಿ ಕಟ್ಟಿ, ಗಾಲಿಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಬಂಡಿಯ ಓಟ ತಗ್ಗುತ್ತದೆ. ತಿರುವಿನಲ್ಲಿ ಮೂರು ಗಾಲಿಯ ಬಂಡಿ ಪಕ್ಕಕ್ಕೆ ವಾಲುತ್ತದೆ, ಆದ್ದರಿಂದ ಹಿಂದಿನ ಎರಡು ಗಾಲಿಗಳ ಅಂತರ ಅಗಲವಾಗಿರುವುದನ್ನೇ ಆರಿಸಿ. ಮೊಳೆ ತಲೆ ಎತ್ತಿದೆಯೇ ಎಂದು ಬೆರಳಾಡಿಸಿ ನೋಡಿ. ಬಡಗಿಯಿಂದ ಮಾಡಿಸುವುದಾದರೆ ಹಿಡಿಕೆಗೆ ಪೇಂಟ್ ಬೇಡ, ಮಗು ಕಚ್ಚುತ್ತದೆ. ಅಂಗಡಿಯ ಪ್ಯಾಕಿನ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ, ಕೇಳಿ ನೋಡಿ.

ಈ ಬಂಡಿಯ ನಿಜವಾದ ಲಾಭ ಕಾಲಿಗೆ ಮಾತ್ರವಲ್ಲ. ನಡುಮನೆಯಲ್ಲಿ ಮಗು ಬಂಡಿ ನಿಲ್ಲಿಸುತ್ತದೆ, ತಿರುಗಿ ಅಮ್ಮನ ಮುಖ ನೋಡುತ್ತದೆ. ‘ಹ್ಞೂಂ, ಬಾ’ ಅಂದರೆ ಮತ್ತೆ ತಳ್ಳುತ್ತದೆ. ಧೈರ್ಯವನ್ನು ಮುಖ ನೋಡಿ ತೆಗೆದುಕೊಳ್ಳುವ ವಯಸ್ಸದು, ಆಗ ಮೊಬೈಲ್ ಕೆಳಗಿಡಿ. ವರ್ಷ ದಾಟಿದ ಮೇಲೆ ಹಲಗೆಯ ಮೇಲೊಂದು ಈರುಳ್ಳಿ ಇಟ್ಟು ‘ಅಜ್ಜಿಗೆ ಕೊಟ್ಟು ಬಾ’ ಅನ್ನಿ. ಮಾತು ತಿಳಿಯುವುದು, ನೆನಪಿಡುವುದು, ಕೊಡುವುದು ಎಲ್ಲವೂ ಆ ಒಂದು ಸುತ್ತಿನಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ಮಕ್ಕಳು ಸ್ವಂತವಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳೊಳಗೆ. ಪಕ್ಕದ ಮನೆ ಮಗು ಹತ್ತಕ್ಕೇ ನಡೆದರೆ ಅವಸರ ಬೇಡ. 18 ದಾಟಿದರೂ ನಡೆಯದಿದ್ದರೆ ಇನ್ನೊಂದು ಬಂಡಿ ಹುಡುಕದೆ ಮಕ್ಕಳ ಡಾಕ್ಟರಿಗೆ ತೋರಿಸಿ.